ಹೆಬ್ಬಾರರ ಸ್ಕೆಚ್ ಇದೆ ಅಂತ ಯಾರಾದರೂ ಬಂದರೆ, ಮುಂಗಡ ಕೊಡುವ ಮೊದಲು ಇದನ್ನು ಓದಿ

ಕೆ. ಕೆ. ಹೆಬ್ಬಾರ್, ಎಂ. ಎಫ್. ಹುಸೇನ್, ಎಸ್. ಎಚ್. ರಜಾ, ಜಾಮಿನಿ ರಾಯ್. ಇಂಥ ದೊಡ್ಡ ಚಿತ್ರ ಕಲಾವಿದರ "ಸಣ್ಣ ಸ್ಕೆಚ್" ಒಂದೆರಡು ಲಕ್ಷಕ್ಕೆ ಸಿಗುತ್ತದೆ ಅಂತ ಯಾರಾದರೂ ನಿಮಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಾರಾ? ಹಾಗಿದ್ದರೆ ಸ್ವಲ್ಪ ತಾಳಿ. ನನ್ನ ಸೋದರಮಾವನಿಗೆ ಹೀಗೇ ಹೆಬ್ಬಾರರ ಹೆಸರಿನಲ್ಲಿ ಮೂರು ರೇಖಾಚಿತ್ರ ಮಾರಿದರು. ಮೂರೂ ನಕಲಿ. ಹೋದದ್ದು ಎರಡೂವರೆ ಲಕ್ಷ ರೂಪಾಯಿ.

ಮಾವ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಊರು ಉಡುಪಿ ಕಡೆ, ಹೆಬ್ಬಾರರು ಹುಟ್ಟಿದ ಕಟ್ಟಿಂಗೇರಿಗೆ ದೂರವಿಲ್ಲ. ಈಗ ಬೆಂಗಳೂರಿನಲ್ಲಿ ಮಗಳ ಮನೆ ಹತ್ತಿರ ಇದ್ದಾರೆ. ಚಿತ್ರ ಕೊಂಡು ಲಾಭಕ್ಕೆ ಮಾರುವ ಯೋಚನೆ ಅವರಿಗೆ ಇರಲೇ ಇಲ್ಲ. ಹೆಬ್ಬಾರರು ಅಂದರೆ ಅವರಿಗೆ ಮನೆಯವರಿದ್ದ ಹಾಗೆ. 1911ರಲ್ಲಿ ಹಳ್ಳಿಯಲ್ಲಿ ಹುಟ್ಟಿದ ಹುಡುಗ. ಅಪ್ಪ ಚೌತಿಗೆ ಮಣ್ಣಿನ ಗಣಪತಿ ಮಾಡುವುದನ್ನೂ ರಾತ್ರಿಯ ಯಕ್ಷಗಾನವನ್ನೂ ನೋಡುತ್ತ ಬೆಳೆದವನು. ಬೊಂಬಾಯಿಗೆ ಹೋಗಿ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲೇ ಮೇಷ್ಟ್ರಾಗಿ, 1949-50ರಲ್ಲಿ ಪ್ಯಾರಿಸ್‌ನಲ್ಲೂ ಕಲಿತು ಬಂದವರು. ಲಯ ಅಂದರೇನು ಅಂತ ತಿಳಿಯಬೇಕು ಅಂತ ಕಥಕ್ ಕೂಡ ಕಲಿತರು. ಈ ಕಥೆಯನ್ನು ಮಾವ ನಮಗೆಲ್ಲ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದಾರೆ.

ಮಾರಿದವನು ಹಿಡಿದದ್ದು ಇದೇ ಎಳೆಯನ್ನು.

ಮಾವನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಭಾನುವಾರ ಕಲಾ ಪ್ರದರ್ಶನ ಇಟ್ಟಿದ್ದರು. ಅಲ್ಲಿ ಮಾವನ ಊರು ಯಾವುದು ಅಂತ ಕೇಳಿಕೊಂಡ ಆತ ಆ ದಿನ ಏನೂ ಮಾರಲಿಲ್ಲ. ಆಮೇಲೆ ಫೋನ್ ಮಾಡಿದ. "ಸಾರ್, ಬೊಂಬಾಯಿಯ ಒಂದು ಪಾರ್ಸಿ ಮನೆಯಲ್ಲಿ ಹೆಬ್ಬಾರರ ಹಳೇ ಸ್ಕೆಚ್ ಇವೆ. ಅವರು ಜೆ. ಜೆ.ಯಲ್ಲಿ ಪಾಠ ಮಾಡುತ್ತಿದ್ದಾಗ ಕೈಯಾರೆ ಕೊಟ್ಟಿದ್ದು. ದೊಡ್ಡ ಗ್ಯಾಲರಿಯವರಿಗೆ ಕೊಡಲು ಅವರಿಗೆ ಮನಸ್ಸಿಲ್ಲ. ಉಡುಪಿಯವರ ಮನೆಗೆ ಹೋದರೆ ಅವರಿಗೂ ಸಂತೋಷ" ಅಂದ. ಕೇಳುವವರ ಕರುಳಿಗೇ ಕೈ ಹಾಕುವ ಮಾತು. ಅರ್ಧ ದುಡ್ಡು ನಗದಿನಲ್ಲಿ, ಅರ್ಧ ಬ್ಯಾಂಕಿನಲ್ಲಿ ಅಂತ ತೆಗೆದುಕೊಂಡ. ಜೊತೆಗೆ ಹೊಳೆಯುವ ಹಾಲೋಗ್ರಾಮ್ ಅಂಟಿಸಿದ ಒಂದು ಸರ್ಟಿಫಿಕೇಟ್ ಮತ್ತು ಆ ಪಾರ್ಸಿ ಮನೆಯ ಯಜಮಾನರು 1958ರಲ್ಲಿ ಬರೆದದ್ದು ಎನ್ನಲಾದ ಒಂದು ಕಾಗದದ ಜೆರಾಕ್ಸ್ ಕೊಟ್ಟ.

ನನ್ನನ್ನು ಕರೆಸಿ ಮಾವ ಚಿತ್ರ ತೋರಿಸಿದಾಗ ಅವರ ಮುಖ ನೋಡಬೇಕಿತ್ತು. "ನೋಡು ಮಾರಾಯ್ತಿ, ಆ ಗೆರೆ ಹೇಗೆ ಕುಣೀತದೆ!" ಅಂದರು.

ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಚಿತ್ರವಲ್ಲ, ಆ ಜೆರಾಕ್ಸ್ ಕಾಗದ. ಮೇಲುಗಡೆ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇತ್ತು. ನಮ್ಮ ದೇಶದಲ್ಲಿ ಪಿನ್‌ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. 1958ರ ಕಾಗದದಲ್ಲಿ ಅದು ಹೇಗೆ ಬರುತ್ತದೆ?

ಆಮೇಲೆ ಚಿತ್ರಗಳನ್ನು ಫ್ರೇಮಿನಿಂದ ಬಿಚ್ಚಿಸಿದೆವು. ಎಲ್ಲರೂ ಮೊದಲು ಮಾಡಬೇಕಾದ ಕೆಲಸ ಇದು. ಮಾರುವವನು "ಫ್ರೇಮ್ ಬಿಚ್ಚಿದರೆ ಹಾಳಾಗುತ್ತೆ" ಅಂದರೆ ಅಲ್ಲಿಗೇ ಎದ್ದು ಬನ್ನಿ. ಮುಂದುಗಡೆ ಕಾಗದ ಒಂದೇ ಸಮನೆ ಕಂದು. ಹಿಂದುಗಡೆ ಹೊಸ ನೋಟ್‌ಬುಕ್ ಹಾಳೆಯಷ್ಟು ಬಿಳಿ. ನಿಜವಾಗಿ ಹಳೆಯದಾದ ಕಾಗದ ಹಾಗೆ ಒಂದೇ ಮುಖಕ್ಕೆ ನೀಟಾಗಿ ಬಣ್ಣ ತಿರುಗುವುದಿಲ್ಲ. ಅಂಚು ಜಾಸ್ತಿ ಕಂದುತ್ತದೆ, ಅಲ್ಲಲ್ಲಿ ಚುಕ್ಕೆ ಬೀಳುತ್ತದೆ, ಫ್ರೇಮಿನ ಮರೆಯಲ್ಲಿದ್ದ ಜಾಗ ಬೇರೆ ಥರ ಇರುತ್ತದೆ. ಇದಕ್ಕೆ ಚಹಾ ಡಿಕಾಕ್ಷನ್ ಹಚ್ಚಿದ ಹಾಗಿತ್ತು.

ಮಾವ ಬ್ಯಾಂಕಿನವರಲ್ವಾ, ನೋಟು ಪರೀಕ್ಷೆ ಮಾಡುವ ನೇರಳಾತೀತ (ಯುವಿ) ಬೆಳಕಿನ ಟಾರ್ಚ್ ಒಂದು ಅವರ ಹತ್ತಿರ ಇತ್ತು. ಕೋಣೆಯ ದೀಪ ಆರಿಸಿ, ಮೂಲೆಯಲ್ಲಿ 1946 ಅಂತ ಬರೆದಿದ್ದ ಆ ಚಿತ್ರಗಳಲ್ಲಿ ಒಂದರ ಹಿಂಬದಿಗೆ ಹಿಡಿದೆವು. ಇಡೀ ಹಾಳೆ ನೀಲಿ-ಬಿಳಿಯಾಗಿ ಹೊಳೆಯಿತು. ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸುವ ರಾಸಾಯನಿಕ ಹಾಗೆ ಹೊಳೆಯುತ್ತದೆ. ಅದು ಕಾಗದದ ಗಿರಣಿಗಳಲ್ಲಿ ಬಳಕೆಗೆ ಬಂದದ್ದು ಸುಮಾರು 1950ರ ಹೊತ್ತಿಗೆ. ಅಂದರೆ 1946ರಲ್ಲಿ ಆ ಹಾಳೆ ಇರಲು ಸಾಧ್ಯವೇ ಇಲ್ಲ. ಒಂದು ಮಾತು ಮಾತ್ರ ನೆನಪಿಡಿ. 1950ಕ್ಕಿಂತ ಹಿಂದಿನದು ಅನ್ನುವ ಚಿತ್ರ ಹೊಳೆದರೆ ಸುಳ್ಳು ಸಿಕ್ಕಿತು, ಹೊಳೆಯದಿದ್ದರೆ ಅಸಲಿ ಅಂತ ಅರ್ಥವಲ್ಲ. ಹಳೇ ಲೆಕ್ಕದ ಪುಸ್ತಕಗಳ ಖಾಲಿ ಹಾಳೆ ಹರಿದು ಅದರ ಮೇಲೆ ಬರೆಯುವ ಜಾಣರೂ ಇದ್ದಾರೆ.

ಗೆರೆಯ ವಿಷಯಕ್ಕೆ ಪರಿಚಯದ ಒಬ್ಬ ಹಿರಿಯ ಡ್ರಾಯಿಂಗ್ ಮೇಷ್ಟ್ರಿಗೆ ತೋರಿಸಿದೆವು. ಅವರು ಭೂತಗನ್ನಡಿ ಹಿಡಿದು ಯಕ್ಷಗಾನ ವೇಷದ ಚಿತ್ರವನ್ನು ತುಂಬ ಹೊತ್ತು ನೋಡಿದರು. ಭುಜದಿಂದ ಮೊಣಕೈಗೆ ಇಳಿಯುವ ಗೆರೆಯ ಮೇಲೆ ಬೆರಳಿಟ್ಟು "ಇಲ್ಲಿ ನೋಡಿ" ಅಂದರು. ದೂರದಿಂದ ಒಂದೇ ಗೆರೆ. ಗಾಜಿನಲ್ಲಿ ನೋಡಿದರೆ ಅದರ ಮೇಲೆ ಸಣ್ಣ ಸಣ್ಣ ಇಂಕಿನ ಗಂಟು. ಕೈ ನಿಂತಲ್ಲೆಲ್ಲ ಇಂಕು ಇಂಗಿದೆ. ಹೆಬ್ಬಾರರ ಗೆರೆ ಒಂದೇ ಉಸಿರಿನಲ್ಲಿ ಹೋಗುತ್ತದೆ. ತಿರುವಿನಲ್ಲಿ ದಪ್ಪವಾಗಿ, ಬಿಡುವಲ್ಲಿ ತೆಳ್ಳಗಾಗಿ, ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದೇ ಹೊರಡುತ್ತದೆ. ಈ ಕೈಗೆ ಗೊತ್ತಿರಲಿಲ್ಲ. ಕೆಳಗಿದ್ದ ಇನ್ನೊಂದು ಚಿತ್ರವನ್ನು ನೋಡಿ ನೋಡಿ ಮುಂದೆ ಹೋಗಿದೆ.

ಆ ಇನ್ನೊಂದು ಚಿತ್ರವೂ ಸಿಕ್ಕಿತು. ಒಂದು ಹಳೆಯ ಪ್ರದರ್ಶನದ ಕ್ಯಾಟಲಾಗ್ ಮೇಷ್ಟ್ರ ಕಪಾಟಿನಲ್ಲೇ ಇತ್ತು. ಮಾವನ ಚಿತ್ರವನ್ನು ಆ ಪುಟದ ಮೇಲಿಟ್ಟು ಕಿಟಕಿ ಗಾಜಿಗೆ ಒತ್ತಿ ಹಿಡಿದರೆ ಕಿರೀಟ, ಬೆರಳು, ಗೆಜ್ಜೆ, ಎಲ್ಲ ಒಂದರ ಮೇಲೊಂದು ಕೂತವು. ಸಹಿಯ ಬಾಲ ಕೂಡ. ಕ್ಯಾಟಲಾಗಿನಲ್ಲಿ ಮೂಲ ಚಿತ್ರದ ಅಳತೆ ಕೊಟ್ಟಿದ್ದರು, ಅದು ಪುಟದಲ್ಲಿ ಅಚ್ಚಾದದ್ದರ ಸುಮಾರು ಎರಡರಷ್ಟು. ಕಲಾವಿದರು ಒಂದೇ ವಸ್ತುವನ್ನು ಹತ್ತು ಸಲ ಬರೆಯಬಹುದು. ಆದರೆ ಮುಂದೆಂದೋ ಅಚ್ಚಾಗುವ ಪುಟದ ಅಳತೆಗೆ ಕೂದಲೆಳೆ ತಪ್ಪದ ಹಾಗೆ ಯಾರೂ ಬರೆದಿಟ್ಟಿರುವುದಿಲ್ಲ. ಮಾವ ಕಿಟಕಿ ಹತ್ತಿರ ನಿಂತೇ ಇದ್ದರು. ಏನೂ ಹೇಳಲಿಲ್ಲ.

ಹೀಗೆ ಮೋಸ ಹೋಗುವುದು ಗೊತ್ತಿಲ್ಲದವರು ಮಾತ್ರ ಅಂದುಕೊಳ್ಳಬೇಡಿ. 2009ರ ಜನವರಿಯಲ್ಲಿ ಎಸ್. ಎಚ್. ರಜಾ ಫ್ರಾನ್ಸ್‌ನಿಂದ ಬಂದು ದೆಹಲಿಯಲ್ಲಿ ತಮ್ಮದೇ ಚಿತ್ರಗಳ ಪ್ರದರ್ಶನಕ್ಕೆ ಹೋದರು. ಗೋಡೆ ಮೇಲಿದ್ದ ಬಹುಪಾಲು ತಾವು ಬರೆದವೇ ಅಲ್ಲ ಎಂದು ಕಂಡುಕೊಂಡರು. ಪ್ರದರ್ಶನ ಅಲ್ಲಿಗೇ ನಿಂತಿತು. ಆಗ ಅವರಿಗೆ 86 ವರ್ಷ. ಒಂದು ಜೀವಮಾನವಿಡೀ ದುಡಿದ ಮನುಷ್ಯ ತನ್ನ ಸಹಿ ಹೊತ್ತ ಸುಳ್ಳುಗಳ ನಡುವೆ ನಿಲ್ಲಬೇಕಾದ ಸಂಕಟ ಎಂಥದ್ದು, ಯೋಚಿಸಿ. 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲಿ ರವೀಂದ್ರನಾಥ ಟಾಗೋರರದು ಅಂತ ಇಟ್ಟಿದ್ದ 20 ಚಿತ್ರಗಳನ್ನೂ ಪುರಾತತ್ವ ಇಲಾಖೆಯವರು ನಕಲಿ ಅಂದರು. ಜಾಮಿನಿ ರಾಯ್ ಅವರ ಕಥೆಯಂತೂ ಹೊಟ್ಟೆ ಉರಿಸುತ್ತದೆ. ಸಾಮಾನ್ಯ ಮನೆಗಳಲ್ಲೂ ಚಿತ್ರ ಇರಲಿ ಅಂತ ಕಡಿಮೆ ಬೆಲೆಗೆ, ಮನೆಯವರ ನೆರವಿನಿಂದ ಜಾಸ್ತಿ ಚಿತ್ರ ಮಾಡಿ ಕೊಟ್ಟವರು ಅವರು. ಆ ಒಳ್ಳೆಯತನವನ್ನೇ ನಕಲು ಮಾಡುವವರು ಇವತ್ತು ಬಂಡವಾಳ ಮಾಡಿಕೊಂಡಿದ್ದಾರೆ.

ಹುಸೇನರು 1954ರಲ್ಲಿ ಬರೆದ ಒಂದು ಚಿತ್ರ 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸುಮಾರು 118 ಕೋಟಿಗೆ ಹೋಯಿತು. ಅಂಥ ಸುದ್ದಿ ಬಂದಾಗಲೆಲ್ಲ ಈ ನಕಲಿ ಸ್ಕೆಚ್‌ಗಳ ಸಂತೆಗೂ ಕಳೆ ಬರುತ್ತದೆ. ಕೋಟಿಯ ಚಿತ್ರವನ್ನು ಹತ್ತು ಜನ ಪರೀಕ್ಷೆ ಮಾಡುತ್ತಾರೆ. ಎಂಬತ್ತು ಸಾವಿರದ ಸ್ಕೆಚ್ಚನ್ನು ಯಾರೂ ಮಾಡುವುದಿಲ್ಲ. ಅದಕ್ಕೇ ಮಧ್ಯಮ ವರ್ಗದ ಮನೆಗೆ ಬರುವುದು ಯಾವಾಗಲೂ "ಸಣ್ಣ ಸ್ಕೆಚ್".

ರಜಾ ಬದುಕಿದ್ದರು, ನನ್ನದಲ್ಲ ಅಂದರು. ಹೆಬ್ಬಾರರು 1996ರಲ್ಲೇ ತೀರಿಕೊಂಡರು. ನನಗೆ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇಲ್ಲಿ. ನಾಳೆ ಯಾವುದೋ ಮಗು ಆ ಗಂಟುಗಂಟು ಗೆರೆ ನೋಡಿ ಹೆಬ್ಬಾರರು ಅಂದರೆ ಇಷ್ಟೇನಾ ಅಂದುಕೊಂಡರೆ? ಬದುಕಿಡೀ ಲಯದ ಬೆನ್ನು ಹತ್ತಿದವರ ಹೆಸರಿಗೆ ಇಂಥದ್ದು ಅಂಟಿಕೊಳ್ಳಬಾರದು.

ದುಡ್ಡು ವಾಪಸ್ ಕೇಳಿದಾಗ ಆತ ಮೊದಲು ಸರ್ಟಿಫಿಕೇಟ್ ತೋರಿಸಿದ. ಅದಕ್ಕೆ ಸಹಿ ಮಾಡಿದ "ಕಲಾ ಸಲಹೆಗಾರ"ರ ವಿಳಾಸ ಕೇಳಿದರೆ ಹೇಳಲಿಲ್ಲ. ಪಾರ್ಸಿ ಮನೆಯವರ ಹೆಸರು "ಕಾನ್ಫಿಡೆನ್ಷಿಯಲ್" ಅಂದ. ಆಮೇಲೆ ಫೋನ್ ಎತ್ತುವುದೇ ಬಿಟ್ಟ. ಆಗ ಬಿಲ್ ತೆಗೆದು ನೋಡಿದೆವು. ಅದರಲ್ಲಿ ಬರೆದಿದ್ದದ್ದು ಇಷ್ಟು: "ಫ್ರೇಮ್ ಹಾಕಿದ ಅಲಂಕಾರಿಕ ಚಿತ್ರ, 3". ಹೆಬ್ಬಾರರ ಹೆಸರೇ ಇಲ್ಲ! ನಗದಿನಲ್ಲಿ ಕೊಟ್ಟ ಅರ್ಧ ದುಡ್ಡಿನ ಲೆಕ್ಕವೂ ಇಲ್ಲ.

ಹಾಗಾಗಿ ಬಿಲ್ಲಿನ ಮೇಲೆ ಕಣ್ಣಿಡಿ. ಕಲಾವಿದರ ಹೆಸರು, ಚಿತ್ರದ ಅಳತೆ, ಮಾಧ್ಯಮ (ಇಂಕೋ, ಬಣ್ಣವೋ), ವರ್ಷ, ಫೋಟೋ, ನಕಲಿಯಾದರೆ ಪೂರ್ತಿ ಹಣ ವಾಪಸ್ ಎಂಬ ಮಾತು, ಎಲ್ಲ ಬರಹದಲ್ಲಿ ಇರಲಿ. ಪೂರ್ತಿ ಹಣ ಬ್ಯಾಂಕಿನ ಮೂಲಕವೇ ಕೊಡಿ. ಸರ್ಟಿಫಿಕೇಟ್ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಕೇಳಬೇಕಾದ್ದು ಚಿತ್ರ ಕಲಾವಿದರ ಕೈಬಿಟ್ಟ ದಿನದಿಂದ ಯಾರ್ಯಾರ ಹತ್ತಿರ ಇತ್ತು ಎಂಬ ದಾಖಲೆ, ಹಳೇ ಪ್ರದರ್ಶನದ ಚೀಟಿ, ಗ್ಯಾಲರಿಯ ರಸೀದಿ. ಹೆಬ್ಬಾರರ ಹೆಸರಿನಲ್ಲಿ ಅವರ ಕುಟುಂಬದವರು ಕಟ್ಟಿದ ಪ್ರತಿಷ್ಠಾನವೂ ಇದೆ. ಕೊಳ್ಳುವ ಮೊದಲೇ ಫೋಟೋ ಕಳಿಸಿ ವಿಚಾರಿಸಿ. ಬೆಂಗಳೂರಿನವರಾದರೆ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋಗಿ ಹೆಬ್ಬಾರರ ಅಸಲಿ ಕೆಲಸವನ್ನು ಎದುರು ನಿಂತು ನೋಡಿ. ಫೋನಿನ ಪರದೆಯಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ.

ಇಷ್ಟಾದ ಮೇಲೆ ಒಬ್ಬರು ಮಾವನಿಗೆ "ಯಾರಿಗಾದರೂ ದಾಟಿಸಿಬಿಡಿ, ಅರ್ಧವಾದರೂ ಬರುತ್ತೆ" ಅಂದರು. ಮಾವ ಒಪ್ಪಲಿಲ್ಲ. ನಾಚಿಕೆಗೆ ಸುಮ್ನಿರುವವರು, ದಾಟಿಸಿ ಕೈ ತೊಳೆದುಕೊಳ್ಳುವವರು ಇರುವುದರಿಂದಲೇ ಈ ದಂಧೆ ನಡೆಯುತ್ತಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಎರಡು ವರ್ಷದೊಳಗೆ ಕೊಡಬೇಕು, ಆನ್‌ಲೈನಿನಲ್ಲೂ ಆಗುತ್ತದೆ. ವಿಚಾರಣೆ ಇರುವುದರಿಂದ ಮಾರಿದವರ ಹೆಸರು ಇಲ್ಲಿ ಬರೆಯುತ್ತಿಲ್ಲ. ಚಿತ್ರಗಳನ್ನು ಹರಿಯಲೂ ಇಲ್ಲ. ಅವು ಸಾಕ್ಷಿ.

ಒಂದೇ ಕ್ಯಾಟಲಾಗಿನಿಂದ ಒಂದೇ ಸಲ ನಕಲು ತೆಗೆದಿರುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಬಲಗಾಲು ಎತ್ತಿದ ಯಕ್ಷಗಾನ ವೇಷ, ಕೊಡ ಹೊತ್ತ ಇಬ್ಬರು ಹೆಂಗಸರು, ದೋಣಿ ತಳ್ಳುವ ಮೊಗವೀರರು. ಎಲ್ಲ ಕಪ್ಪು ಇಂಕು, ಹೆಚ್ಚುಕಡಿಮೆ ಎ4 ಹಾಳೆಯಷ್ಟು, ಮೂಲೆಯಲ್ಲಿ 1946 ಅಂತ ಇಸವಿ. ಇವುಗಳಲ್ಲಿ ಯಾವುದಾದರೂ ನಿಮ್ಮ ಅಥವಾ ನಿಮ್ಮ ಪರಿಚಯದವರ ಮನೆಯ ಗೋಡೆ ಮೇಲಿದ್ದರೆ ಇವತ್ತೇ ಫ್ರೇಮ್ ಬಿಚ್ಚಿ ಹಿಂಬದಿ ನೋಡಿ, ಬಿಲ್ ಹುಡುಕಿ ಇಟ್ಟುಕೊಳ್ಳಿ.