ಪೆಂಟನ್‌ವಿಲ್ಲೋ, ಕೋಲ್ಡ್‌ಬಾತ್ ಫೀಲ್ಡ್ಸೋ?

ವಿಕ್ಟೋರಿಯಾ ಕಾಲದ ಲಂಡನ್ ಜೈಲುಗಳ ಬಗ್ಗೆ ಪ್ರಬಂಧ ಬರೆಯೋರಿಗೆ ಈ ಎರಡರಲ್ಲಿ ಯಾವುದು ಒಳ್ಳೆಯದು? ನನ್ನ ಮತ ಪೆಂಟನ್‌ವಿಲ್‌ಗೆ.

1842ರಲ್ಲಿ ಶುರುವಾದ ಈ ಜೈಲಿನಲ್ಲಿ 520 ಕೋಣೆಗಳಿದ್ದವು, ಒಬ್ಬರಿಗೆ ಒಂದು. ಕೈದಿ ಬೇರೆ ಕೈದಿಯ ಮುಖ ನೋಡಬಾರದು. ಅದಕ್ಕೇ ಹೊರಗೆ ಬಂದಾಗ ಮುಖ ಮುಚ್ಚುವ ಟೋಪಿ. ಚರ್ಚಿನಲ್ಲೂ ಒಬ್ಬೊಬ್ಬರಿಗೆ ಬೇರೆ ಬೇರೆ ಗೂಡು. ಒಂಟಿಯಾಗಿ ಕೂತರೆ ಮನಸ್ಸು ತಿದ್ದಿಕೊಳ್ಳುತ್ತೆ ಅನ್ನೋ ನಂಬಿಕೆ. ಆದರೆ ಕೆಲವರಿಗೆ ಬುದ್ಧಿಭ್ರಮಣೆಯೇ ಆಯಿತು. ಮೊದಲು 18 ತಿಂಗಳಿದ್ದ ಒಂಟಿವಾಸವನ್ನು ಆಮೇಲೆ ಕಡಿಮೆ ಮಾಡಬೇಕಾಯಿತು. ಸುಧಾರಣೆ ಅಂತ ಕಟ್ಟಿದ್ದಕ್ಕೇ ಸುಧಾರಣೆ ಬೇಕಾಯಿತು, ವಿಚಿತ್ರ ಅಲ್ವಾ? ವಾದ ಮಾಡೋಕೆ ಇಲ್ಲಿ ಸರಕು ಜಾಸ್ತಿ.

ಕ್ಲರ್ಕನ್‌ವೆಲ್‌ನ ಕೋಲ್ಡ್‌ಬಾತ್ ಫೀಲ್ಡ್ಸ್ ಹಳೆಯದು. ಅಲ್ಲಿ ಕೈದಿಗಳು ಒಟ್ಟಿಗೇ ದುಡಿಯುತ್ತಿದ್ದರು, ಆದರೆ 1834ರಿಂದ ಮಾತು ನಿಷೇಧ. ಹಳೆ ಹಗ್ಗದ ನಾರು ಬಿಡಿಸಬೇಕು, ಇಲ್ಲವೇ ದೊಡ್ಡ ಚಕ್ರದ ಮೆಟ್ಟಿಲು ತುಳಿಯುತ್ತಲೇ ಇರಬೇಕು. ಕೋಣೆ ಕಟ್ಟೋ ಖರ್ಚು ಕಡಿಮೆ. ಬಾಯಿ ಮುಚ್ಚಿಸೋಕೆ ಮಾತ್ರ ಕಾವಲುಗಾರರೂ ಶಿಕ್ಷೆಗಳೂ ಬೇಕೇ ಬೇಕು. ಅಷ್ಟಾದರೂ ಕೈಸನ್ನೆ, ಪಿಸುಮಾತು ನಿಲ್ಲಲಿಲ್ಲ.

ದುಡಿಮೆಯ ಕಡೆ ಆಸಕ್ತಿ ಇದ್ದರೆ ಇದನ್ನೇ ಆರಿಸಿ. ಜೈಲುಗಳ ಸ್ಥಿತಿ ನೋಡೋಕೆ ಸರ್ಕಾರ ನೇಮಿಸಿದ್ದ ಗ್ಲ್ಯಾಡ್‌ಸ್ಟನ್ ಸಮಿತಿ 1895ರಲ್ಲಿ ಇಂಥ ಉಪಯೋಗವಿಲ್ಲದ ದುಡಿಮೆಯನ್ನು ಬಿಡಿ ಎಂದಿತು. ಅಷ್ಟರಲ್ಲಿ, 1885ರಲ್ಲೇ, ಕೋಲ್ಡ್‌ಬಾತ್ ಫೀಲ್ಡ್ಸ್ ಮುಚ್ಚಿತ್ತು. ಆ ಜಾಗ ಅಂಚೆ ಇಲಾಖೆಗೆ ಹೋಯಿತು. ಪೆಂಟನ್‌ವಿಲ್ ಇನ್ನೂ ಜೈಲಾಗಿಯೇ ಇದೆ.