ಹಳೇ ಕಾರಿನ ಅಡಿಗೆ ಅಲ್ಯೂಮಿನಿಯಂ ತಗಡು: ಎರಡು ವರ್ಷ ಓಡಿಸಿದ ಮೇಲೆ

ರಸ್ತೆಯ ಕಲ್ಲು, ದಿಬ್ಬ ತಾಗದಂತೆ ಎಂಜಿನ್ ಅಡಿಗೆ ಹಾಕಿಸಿದ ತಗಡಿದು. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಆಯಿಲ್ ಚೇಂಬರ್ ಉಳಿದಿದೆ. ಮಾಡಿಸಿದ ಉದ್ದೇಶವೇ ಅದು, ಆ ಮಟ್ಟಿಗೆ ದೂರಿಲ್ಲ. ಆದರೆ ಮೊದಲ ಆರು ತಿಂಗಳು ಈ ತಗಡು ಕೊಟ್ಟ ಕಾಟವೆಂದರೆ ಸದ್ದು. ಗಾಡಿ ನಿಂತು ಎಂಜಿನ್ ಐಡಲ್‌ನಲ್ಲಿದ್ದಾಗ ಕಾಲಡಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು.

ತಪ್ಪು ತಗಡಿನದಲ್ಲ, ಕೂರಿಸಿದ ರೀತಿಯದು. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 27 ಬಾರಿ ಫೈರ್ ಆಗುತ್ತದೆ. ಅಂಚಿನಲ್ಲಷ್ಟೇ ಹಿಡಿದ ಚಪ್ಪಟೆ ತಗಡಿನ ನಡುಭಾಗ ಆ ಹೊಡೆತಕ್ಕೆ ತಮಟೆಯಂತೆ ಅದುರುತ್ತದೆ. ಸಾಲದ್ದಕ್ಕೆ ಹಿಂದಿನ ಒಂದು ಮೂಲೆಯನ್ನು ಗೇರ್‌ಬಾಕ್ಸ್‌ಗೆ ಬಿಗಿಯಲಾಗಿತ್ತು. ಎಂಜಿನ್ ಮತ್ತು ಗೇರ್‌ಬಾಕ್ಸ್ ತಮ್ಮ ರಬ್ಬರ್ ಮೌಂಟಿಂಗ್ ಮೇಲೆ ಸದಾ ಅಲುಗುತ್ತಿರುತ್ತವೆ. ತಗಡಿನ ಎಲ್ಲ ಬೋಲ್ಟುಗಳೂ ಚಾಸಿ ಅಥವಾ ಅದರ ಅಡ್ಡ ತೊಲೆಯಾದ ಕ್ರಾಸ್ ಮೆಂಬರ್‌ಗೇ ಹೋಗಬೇಕು, ಒಂದೂ ಎಂಜಿನ್ ಕಡೆಗೆ ಹೋಗಬಾರದು. ಅದಕ್ಕೂ ಹೊಸ ತೂತು ಕೊರೆಯಬೇಡಿ. ಹಳೇ ಚಾಸಿಯಲ್ಲಿ ಮೊದಲಿಂದ ಇರುವ ತೂತುಗಳೇ ಸಾಕು.

ಸರಿಹೋದದ್ದು ಎರಡು ಕೆಲಸದಿಂದ. ತಗಡಿಗೆ ಮೂಲೆಯಿಂದ ಮೂಲೆಗೆ, ಗುಣಾಕಾರದ ಗುರುತಿನಂತೆ, ತೆಳುವಾಗಿ ಎರಡು ಮಡಿಕೆ ಒತ್ತಿಸಿದ್ದು ಒಂದು. ಇನ್ನೊಂದು ಬುಷ್, ಅಂದರೆ ಬೋಲ್ಟಿನ ಸುತ್ತ ಕೂರುವ ರಬ್ಬರ್ ಉಂಗುರ. 10 ಮಿ.ಮೀ. ದಪ್ಪದ ರಬ್ಬರ್ ಬುಷ್ ಒಳಗೆ 9 ಮಿ.ಮೀ. ಉದ್ದದ ಸ್ಟೀಲ್ ಕೊಳವೆ ಇರಬೇಕು. ಬೋಲ್ಟ್ ಬಿಗಿಯುವುದು ಕೊಳವೆಯ ಮೇಲೆ, ರಬ್ಬರ್ ಒಂದೇ ಮಿ.ಮೀ. ಅದುಮುತ್ತದೆ. ಕೊಳವೆ ಹಾಕದೆ ಬಿಗಿದರೆ ರಬ್ಬರ್ ಅಪ್ಪಚ್ಚಿಯಾಗಿ ಬೋಲ್ಟ್ ಸಡಿಲವಾಗುತ್ತದೆ. ಮೇಲೂ ಕೆಳಗೂ ಅಗಲವಾದ ವಾಷರ್ ಇದ್ದರೆ ರಬ್ಬರ್ ಹರಿದರೂ ತಗಡು ರಸ್ತೆಗೆ ಬೀಳುವುದಿಲ್ಲ. ಅಲ್ಯೂಮಿನಿಯಂ ನೇರವಾಗಿ ಸ್ಟೀಲ್‌ಗೆ ತಾಗಿ ನೀರು ಬಿದ್ದರೆ ಬಿಳಿ ಪುಡಿ ಏಳುತ್ತದೆ, ಅದನ್ನೂ ಈ ಬುಷ್ ತಡೆಯುತ್ತದೆ.

3 ಮಿ.ಮೀ. ಅಲ್ಯೂಮಿನಿಯಂ ಚದರ ಮೀಟರಿಗೆ 8.1 ಕೆಜಿ, 2 ಮಿ.ಮೀ. ಉಕ್ಕು 15.7 ಕೆಜಿ. ಬಾಗದೆ ನಿಲ್ಲುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅಂಗಡಿಯಲ್ಲಿ ಕೇಳಿ ಪಡೆಯಬೇಕಾದ ಅಲ್ಯೂಮಿನಿಯಂ ದರ್ಜೆ 5052. 6061 ಟಿ6 ಎಂಬ ದರ್ಜೆ ಗಟ್ಟಿ ನಿಜ, ಆದರೆ ಕಿರಿದಾಗಿ ಮಡಚಿದರೆ ಬಿರುಕು ಬಿಡುತ್ತದೆ. ಮಡಿಕೆಯ ಗೆರೆಯನ್ನು ಮಾರ್ಕರ್‌ನಲ್ಲೇ ಎಳೆಯಿರಿ. ಮೊಳೆಯಿಂದ ಗೀರಿದರೆ ಬಿರುಕು ಅಲ್ಲಿಂದಲೇ ಶುರು.

ತಗಡು ಕತ್ತರಿಸಲು ರಟ್ಟಿನಲ್ಲಿ ಅಳತೆ ತೆಗೆಯುವಾಗ ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು, ಗ್ಯಾರೇಜಿನ ಹಳ್ಳ ಅಥವಾ ರ‍್ಯಾಂಪ್ ಮೇಲೆ. ಜಾಕ್ ಮೇಲೆ ಎತ್ತಿದರೆ ಸಸ್ಪೆನ್ಷನ್ ಜೋತುಬಿದ್ದು ಸ್ಟೇರಿಂಗ್ ರಾಡಿನ ಜಾಗವೇ ಬದಲಾಗುತ್ತದೆ. ಎರಡೂ ಕಡೆ ಪೂರ್ತಿ ಸ್ಟೇರಿಂಗ್ ತಿರುಗಿಸಿ ನೋಡಿ. ಸೈಲೆನ್ಸರ್ ಪೈಪಿಗೆ ಕನಿಷ್ಠ 25 ಮಿ.ಮೀ. ಅಂತರ ಬಿಡಿ. ಹಿಂದಿನ ಅಂಚನ್ನು ಪೂರ್ತಿ ಮುಚ್ಚಬೇಡಿ: ರೇಡಿಯೇಟರ್ ಮೂಲಕ ಬಂದ ಬಿಸಿಗಾಳಿ ಕೆಳಗಿನಿಂದಲೇ ಹೊರಗೆ ಹೋಗಬೇಕು, ಇಲ್ಲದಿದ್ದರೆ ನಿಧಾನ ಓಡಾಟದಲ್ಲಿ ಟೆಂಪರೇಚರ್ ಮುಳ್ಳು ಏರುತ್ತದೆ.

ಆಯಿಲ್ ಬದಲಿಸಲು ಕೊರೆದ ಕಿಂಡಿಯೂ ಮೊದಲು ತಪ್ಪು ಜಾಗದಲ್ಲಿತ್ತು, ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ನೇರ ಕೆಳಗೆ. ಬೋಲ್ಟ್ ಅಡ್ಡಕ್ಕಿದ್ದರೆ ಬಿಸಿ ಆಯಿಲ್ ಬಿಲ್ಲಿನಂತೆ ಚಿಮ್ಮಿ ಮುಂದೆ ಬೀಳುತ್ತದೆ, ಕಿಂಡಿ ಅಲ್ಲಿರಬೇಕು. ಹಾಗೆ ಉದ್ದಕ್ಕೆ ಹಿಗ್ಗಿಸಿ, ಕಾಲು ಸುತ್ತು ತಿರುಗಿಸಿದರೆ ಬಿಚ್ಚುವ ಮುಚ್ಚಳ ಹಾಕಿಸಿದ ಮೇಲೆ ಈ ತಗಡಿನ ಮೇಲೆ ಪ್ರೀತಿ ಹುಟ್ಟಿತು. ವಾರಕ್ಕೊಮ್ಮೆ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಬಿಳಿ ಬಟ್ಟೆಯಲ್ಲಿ ಒಳಮೈ ಒರೆಸಿದರೆ ಎಂಜಿನ್ನಿನ ಆರೋಗ್ಯವೆಲ್ಲ ಬಟ್ಟೆಯ ಮೇಲೆ. ಮುಂದುಗಡೆ ಕಪ್ಪು ಕಲೆಯಿದ್ದರೆ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ನ ಮುಂದಿನ ಸೀಲ್ ನೋಡಬೇಕು. ಹಿಂದುಗಡೆ ಗಂಧಕದ ನಾತದ ಜಿಡ್ಡಿದ್ದರೆ ಗೇರ್ ಆಯಿಲ್. ಹಸಿರು ಗೆರೆ ಒಣಗಿದ್ದರೆ ಕೂಲೆಂಟ್. ಗಾಡಿ ನಿಲ್ಲಿಸಿದ ನೆಲದ ಮೇಲೆ ಇಷ್ಟು ಸ್ಪಷ್ಟವಾಗಿ ಎಂದೂ ಕಾಣುತ್ತಿರಲಿಲ್ಲ. ಒರೆಸದೆ ಬಿಟ್ಟರೆ ಮಾತ್ರ ಅಪಾಯ: ಆಯಿಲ್ ನೆನೆದ ಒಣ ಎಲೆಗಳಿಗೆ ಸೈಲೆನ್ಸರ್‌ನ ಬಿಸಿ ತಾಗಬಾರದು. ತಗ್ಗಿನ ಜಾಗದಲ್ಲಿ 12 ಮಿ.ಮೀ.ನ ನಾಲ್ಕು ತೂತು ನೀರಿಗೆ ಬೇಕೇ ಬೇಕು.

ಮುಚ್ಚಳ ಹಾಕುವ ಮೊದಲು ಬೆರಳ ಗೆಣ್ಣಿನಿಂದ ತಗಡನ್ನು ಒಮ್ಮೆ ಬಡಿಯಿರಿ. ಸದ್ದು ದಪ್ಪಗೆ ಬಂದು ಅಲ್ಲೇ ನಿಂತರೆ ಸರಿ. ಕೊನೆಯಲ್ಲಿ ಚಿರ್ರ್ ಎಂದರೆ ಎಲ್ಲೋ ಲೋಹಕ್ಕೆ ಲೋಹ ತಾಗಿದೆ. ಮೊದಲು ಸೈಲೆನ್ಸರ್ ಕಡೆಯ ಬುಷ್ ನೋಡಿ, ಬಿಸಿಗೆ ಮೊದಲು ಒಣಗುವುದು ಅದೇ.