ಮನೆಯ ಕಂಪ್ಯೂಟರಿಗೆ ಯಾವ ಕಾವಲು? ಡಿಫೆಂಡರ್, ಮಾಲ್‌ವೇರ್‌ಬೈಟ್ಸ್, ಆ್ಯಡ್ವ್‌ಕ್ಲೀನರ್, ಯುಬ್ಲಾಕ್: ಒಂದು ಹೋಲಿಕೆ

ಕನ್ನಡ ಟೈಪಿಸುವ ನುಡಿ ತಂತ್ರಾಂಶ ಬೇಕೆಂದು ಅಂತರಜಾಲದಲ್ಲಿ ಹುಡುಕಿದರೆ, ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನೊಂದಿಗೆ ಯಾವ ನಂಟೂ ಇಲ್ಲದ ತಾಣಗಳು ಅದನ್ನು ಕೊಡಲು ಮುಂದೆ ಬರುತ್ತವೆ. ಉಚಿತವಾಗಿ ಸಿಗುವುದನ್ನು ಮತ್ತೊಬ್ಬರು ಹಂಚಿದರೆ ಅವರಿಗೇನು ಲಾಭ? ಲಾಭ ಇರುವುದು ಜೊತೆಗೆ ತುರುಕುವ ಸರಕಿನಲ್ಲಿ. ಬ್ರೌಸರಿಗೊಂದು ಟೂಲ್‌ಬಾರ್, ಹುಡುಕಾಟವನ್ನು ಬೇರೆಡೆಗೆ ತಿರುಗಿಸುವ ಎಕ್ಸ್‌ಟೆನ್ಷನ್ (ಬ್ರೌಸರಿನೊಳಗೆ ಸೇರುವ ಕಿರು ತಂತ್ರಾಂಶ), ಕಂಪ್ಯೂಟರ್ ನಿಧಾನವಾಗಿದೆ ಎಂದು ದಿನವೂ ಹೆದರಿಸುವ ಕ್ಲೀನರ್. ಇನ್‌ಸ್ಟಾಲ್ ಆದಷ್ಟೂ ಹಂಚಿದವನಿಗೆ ಹಣ. ಕೀಲಿಮಣೆ ತಂತ್ರಾಂಶದ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ನಾವು ಒತ್ತುವ ಪ್ರತಿ ಕೀಲಿಯನ್ನು ಓದಿ ಅಕ್ಷರವಾಗಿಸುವುದೇ ಅದರ ಕೆಲಸ. ಅದೇ ಜಾಗದಲ್ಲಿ ಗೂಢಚಾರ ತಂತ್ರಾಂಶವೊಂದು ಕೂತರೆ ಬ್ಯಾಂಕಿನ ಪಾಸ್‌ವರ್ಡೂ ಅದರ ಕೈಗೆ ಸಿಗುತ್ತದೆ.

ಮೂಲೆ ಸೇರಿದ್ದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿ, ಇಮೇಲ್, ಬ್ಯಾಂಕು ಯಾವುದಕ್ಕೂ ಲಾಗಿನ್ ಆಗದೆ, ಇಂಥ ತಾಣಗಳ ಇನ್‌ಸ್ಟಾಲರ್‌ಗಳನ್ನು ಹಾಕಿಕೊಂಡೆ. ಅವಸರದಲ್ಲಿರುವ ಮನೆಮಂದಿ ಮಾಡುವಂತೆಯೇ ಒಂದನ್ನೂ ಓದದೆ 'ನೆಕ್ಸ್ಟ್' ಒತ್ತಿದೆ. ಒಂದೊಂದು ಕಾವಲುಗಾರನನ್ನು ಪರೀಕ್ಷಿಸಿದ ಮೇಲೂ ಯಂತ್ರವನ್ನು ಮೊದಲಿನ ಸ್ಥಿತಿಗೆ ತಂದು ಮುಂದಿನದಕ್ಕೆ ಹೋದೆ. ದಿನಬಳಕೆಯ ಕಂಪ್ಯೂಟರಿನಲ್ಲಿ ಈ ಪ್ರಯೋಗ ಬೇಡ.

ಮೊದಲು ಡಿಫೆಂಡರ್. ಅದು ವಿಂಡೋಸಿನ ಜೊತೆಗೇ ಬರುವುದರಿಂದ ಬಹಳ ಮಂದಿಗೆ ಅದರ ಮೇಲೊಂದು ಸಸಾರ. ಆದರೆ ಅದರ ಹುಟ್ಟೇ ಗೂಢಚಾರ ತಂತ್ರಾಂಶದ ವಿರುದ್ಧ ಆಗಿತ್ತು. 2004ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ 'ಜಯಂಟ್' ಎಂಬ ಸಣ್ಣ ಕಂಪನಿಯನ್ನು ಕೊಂಡು, ಅದರ ಸ್ಪೈವೇರ್ ನಿವಾರಕವನ್ನೇ ತಿದ್ದಿ 2006ರಲ್ಲಿ ಡಿಫೆಂಡರ್ ಎಂದು ಹೊರತಂದಿತು. ವೈರಸ್ ಹಿಡಿಯುವ ಕೆಲಸ ಅದಕ್ಕೆ ಸೇರಿದ್ದು 2012ರ ವಿಂಡೋಸ್ 8ರಲ್ಲಿ. ಇಂದು ಅದು ಪೂರ್ಣ ಪ್ರಮಾಣದ ಆಂಟಿವೈರಸ್. ಬೇಡದ ತಂತ್ರಾಂಶಗಳನ್ನು ತಡೆಯುವ ಒಂದು ಗುಂಡಿ ಮಾತ್ರ ಎಲ್ಲೋ ಒಳಗೆ ಅಡಗಿದೆ. ವಿಂಡೋಸ್ ಸೆಕ್ಯುರಿಟಿ ತೆರೆದು 'ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್', ಅದರೊಳಗೆ 'ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್' ಸೆಟ್ಟಿಂಗ್ಸ್‌ಗೆ ಹೋಗಬೇಕು. 2020ರಲ್ಲಿ ಬಂದ ಈ ಸೌಲಭ್ಯ ಮರುವರ್ಷದಿಂದ ತಾನಾಗಿಯೇ ಚಾಲೂ ಇರುತ್ತದೆ. ಆದರೂ ಒಮ್ಮೆ ನೋಡುವುದು ಒಳ್ಳೆಯದು.

ಅಲ್ಲಿ ಎರಡು ಚೌಕಗಳಿವೆ, 'ಬ್ಲಾಕ್ ಆ್ಯಪ್ಸ್' ಮತ್ತು 'ಬ್ಲಾಕ್ ಡೌನ್‌ಲೋಡ್ಸ್'. ಎರಡನೆಯದು ಕೆಲಸ ಮಾಡುವುದು ಎಡ್ಜ್ ಬ್ರೌಸರಿನಲ್ಲಿ ಮಾತ್ರ. ಕ್ರೋಮ್ ಬಳಸುವ ಮನೆಯಲ್ಲಿ ಆ ಚೌಕಕ್ಕೆ ಟಿಕ್ ಹಾಕಿ ನಿಶ್ಚಿಂತೆಯಿಂದ ಕೂತರೆ ಏನೂ ಸಿಗದು. ಮೊದಲನೆಯ ಚೌಕ ನನ್ನ ಪರೀಕ್ಷೆಯಲ್ಲಿ ಹೆಚ್ಚಿನ ಇನ್‌ಸ್ಟಾಲರ್‌ಗಳನ್ನು ಓಡುವ ಮೊದಲೇ ಹಿಡಿಯಿತು. ಕಂಪ್ಯೂಟರ್ ನಿಧಾನವಾದದ್ದೂ ಗೊತ್ತಾಗಲಿಲ್ಲ. ಬಾಗಿಲ ಕಾವಲಿಗೆ ಇದು ಸಾಕು.

ಒಳಗೆ ಬಂದು ಕೂತದ್ದನ್ನು ಹೊರಹಾಕುವುದು ಬೇರೆಯೇ ಕೆಲಸ. ಅಲ್ಲಿ ಮಾಲ್‌ವೇರ್‌ಬೈಟ್ಸ್ ಮತ್ತು ಆ್ಯಡ್ವ್‌ಕ್ಲೀನರ್ ಮುಂದೆ. ಎರಡೂ ಈಗ ಒಂದೇ ಮನೆಯವು. ಬೇರೆಯವರು ಬರೆದಿದ್ದ ಆ್ಯಡ್ವ್‌ಕ್ಲೀನರನ್ನು ಮಾಲ್‌ವೇರ್‌ಬೈಟ್ಸ್ 2016ರಲ್ಲಿ ಕೊಂಡಿತು. ನನಗೆ ಇಷ್ಟವಾದದ್ದು ಈ ಚಿಕ್ಕದೇ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ನೆಂಟರ ಮನೆಗೆ ಹೋದಾಗ ನೇರವಾಗಿ ಓಡಿಸಬಹುದು. ಟೂಲ್‌ಬಾರ್, ತಿರುಚಿದ ಮುಖಪುಟ, ಕದ್ದು ಸೇರಿಸಿದ ಎಕ್ಸ್‌ಟೆನ್ಷನ್, ಬ್ರೌಸರಿನ ಶಾರ್ಟ್‌ಕಟ್‌ಗೆ ಅಂಟಿಸಿದ ವಿಳಾಸ, ಇವನ್ನೆಲ್ಲ ಹುಡುಕಿ ಪಟ್ಟಿ ಕೊಡುತ್ತದೆ. ಲ್ಯಾಪ್‌ಟಾಪ್ ತಯಾರಕರೇ ತುಂಬಿ ಕಳಿಸಿದ ತಂತ್ರಾಂಶಗಳನ್ನು ಬೇರೆ ಪಟ್ಟಿಯಲ್ಲಿ ತೋರಿಸುತ್ತದೆ. ಆ ಎರಡನೆಯ ಪಟ್ಟಿಗೆ ಟಿಕ್ ಹಾಕುವ ಮುನ್ನ ಓದಬೇಕು, ಟಚ್‌ಪ್ಯಾಡ್ ಅಥವಾ ಬ್ಯಾಟರಿ ನೋಡಿಕೊಳ್ಳುವ ತಂತ್ರಾಂಶವೂ ಅಲ್ಲಿರಬಹುದು. ಆ್ಯಡ್ವ್‌ಕ್ಲೀನರ್ ಕಾವಲು ಕಾಯುವುದಿಲ್ಲ, ಕರೆದಾಗ ಬಂದು ಗುಡಿಸಿ ಹೋಗುತ್ತದೆ.

ಮಾಲ್‌ವೇರ್‌ಬೈಟ್ಸ್ ಇನ್ನೂ ಆಳಕ್ಕೆ ಇಳಿಯುತ್ತದೆ, ಹೊತ್ತೂ ಹೆಚ್ಚು ತೆಗೆದುಕೊಳ್ಳುತ್ತದೆ. ಮೊದಲ 14 ದಿನ ಹಣ ಕೊಟ್ಟವರಿಗೆ ಸಿಗುವ ಸದಾಕಾವಲನ್ನೂ ಕೊಟ್ಟು, ನಂತರ ನಾವಾಗಿ ಸ್ಕ್ಯಾನ್ ಮಾಡುವಷ್ಟಕ್ಕೆ ಇಳಿಯುತ್ತದೆ. ಬಹಳ ಜನ ಆ ಇಳಿಕೆಯನ್ನು ಗಮನಿಸುವುದಿಲ್ಲ. ಡಿಫೆಂಡರ್ ಹಿನ್ನೆಲೆಯಲ್ಲಿ ಇದ್ದೇ ಇರುವುದರಿಂದ ಅದು ಕೊರತೆಯೆಂದು ನನಗೆ ಅನ್ನಿಸಲಿಲ್ಲ. ಒಂದನ್ನು ಮೆಚ್ಚಬೇಕು: ಯಾವುದು 'ಬೇಡದ ತಂತ್ರಾಂಶ' ಎಂದು ತೀರ್ಮಾನಿಸುವಲ್ಲಿ ಇದಕ್ಕೆ ಹಿಂಜರಿಕೆ ಕಡಿಮೆ. ಇನ್ನೊಬ್ಬರ ಸರಕನ್ನು ಹಾಗೆ ಕರೆದರೆ ನ್ಯಾಯಾಲಯಕ್ಕೂ ಹೋಗಬೇಕಾಗುತ್ತದೆ. ಎನಿಗ್ಮಾ ಎಂಬ ಪ್ರತಿಸ್ಪರ್ಧಿ ಕಂಪನಿ ಇದೇ ಕಾರಣಕ್ಕೆ 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತು, ಅದು ವರ್ಷಗಟ್ಟಲೆ ಎಳೆಯಿತು. ಒಂದೇ ಫೈಲನ್ನು ಒಂದು ಸ್ಕ್ಯಾನರ್ ಹಿಡಿದು ಇನ್ನೊಂದು ಬಿಟ್ಟುಬಿಟ್ಟರೆ, ಅದು ಜಾಣತನದ ಅಂತರವೇ ಆಗಿರಬೇಕೆಂದಿಲ್ಲ.

ಹಣ ಕೊಟ್ಟು ಕೊಳ್ಳುವ ಆಂಟಿವೈರಸ್ ಒಂದನ್ನೂ ಹಾಕಿ ನೋಡಿದೆ, ಹೆಸರು ಬೇಡ. ಹಿಡಿಯುವ ಕೆಲಸದಲ್ಲಿ ದೂರುವಂಥದ್ದಿರಲಿಲ್ಲ. ಆದರೆ ವಿಪಿಎನ್ ಕೊಳ್ಳಿ, ಪಾಸ್‌ವರ್ಡ್ ಪೆಟ್ಟಿಗೆ ಕೊಳ್ಳಿ, ಡ್ರೈವರ್ ನವೀಕರಣ ಕೊಳ್ಳಿ ಎಂದು ಅದು ಪರದೆಯ ಮೂಲೆಯಲ್ಲಿ ಏಳುತ್ತಲೇ ಇತ್ತು. ಜಾಹೀರಾತು ತೊಲಗಿಸಲು ಕರೆತಂದವನೇ ಕರಪತ್ರ ಹಂಚಿದಂತೆ. ಬೇರೆ ಆಂಟಿವೈರಸ್ ಬಂದೊಡನೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಚಂದಾ ಮುಗಿದ ಪೊಟ್ಟಣವನ್ನು ಹಾಗೆಯೇ ಬಿಡದೆ ತೆಗೆದುಹಾಕಬೇಕು. 'ಉಚಿತ' ಎಂಬ ಮಾತಿಗೂ ಎಚ್ಚರ ಬೇಕು. ಉಚಿತ ಆಂಟಿವೈರಸ್ ಕೊಡುವ ಅವಾಸ್ಟ್ ಕಂಪನಿ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ ವಿಷಯ 2020ರಲ್ಲಿ ಬಯಲಾಗಿ ಅಂಗಸಂಸ್ಥೆ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ಕಟ್ಟುವಂತೆ ಮಾಡಿತು. ಗೂಢಚಾರರನ್ನು ಹಿಡಿಯಲು ಇಟ್ಟುಕೊಂಡ ತಂತ್ರಾಂಶದ ಮೇಲೆ ಬಂದ ಆರೋಪ ಇದು!

ಈ ಎಲ್ಲ ಸ್ಕ್ಯಾನರ್‌ಗಳೂ ಕೈಚೆಲ್ಲುವ ಒಂದು ಕಡೆಯಿದೆ. ಮಾವನವರು ಒಮ್ಮೆ ಫೋನ್ ಮಾಡಿ, "ಅಳಿಯಂದಿರೇ, ಈ ಯಂತ್ರಕ್ಕೆ ವೈರಸ್ ಬಂದಿದೆ, ಗಂಟೆಗೊಮ್ಮೆ ಅದೇ ಹೇಳುತ್ತಿದೆ" ಎಂದರು. ಸ್ಕ್ಯಾನ್ ಮಾಡಿದರೆ ಎಲ್ಲವೂ ಚೊಕ್ಕ. ಯಾವುದೋ ಪುಟ 'ಮುಂದುವರಿಯಲು ಅಲೋ ಒತ್ತಿ' ಎಂದಿತ್ತು, ಒತ್ತಿದ್ದರು, ಅಷ್ಟೆ. ಆಮೇಲೆ ಬ್ರೌಸರಿನ ಸೂಚನೆಗಳ ವೇಷದಲ್ಲಿ ಜಾಹೀರಾತು ಬರತೊಡಗಿತ್ತು. ಅಲ್ಲಿ ಹಿಡಿಯಲು ಫೈಲೇ ಇಲ್ಲ, ನಾವೇ ಕೊಟ್ಟ ಅನುಮತಿ ಇದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ 'ನೋಟಿಫಿಕೇಷನ್ಸ್' ಎಂದು ಹುಡುಕಿ, ಅನುಮತಿ ಪಡೆದ ತಾಣಗಳನ್ನು ತೆಗೆದು, ಇನ್ನು ಮುಂದೆ ಯಾವ ತಾಣವೂ ಕೇಳದಂತೆ ಮಾಡಿದರೆ ಮುಗಿಯಿತು. 'ವೈರಸ್ ಬಂದಿದೆ' ಎಂದು ನನ್ನ ಬಳಿ ಬರುವ ದೂರುಗಳಲ್ಲಿ ಇದೇ ಹೆಚ್ಚು.

ಹಾಗಾಗಿ ನನ್ನ ಮಟ್ಟಿಗೆ ಡಿಫೆಂಡರ್ ನಂತರದ ಸ್ಥಾನ ಯಾವ ಸ್ಕ್ಯಾನರಿಗೂ ಅಲ್ಲ, ಯುಬ್ಲಾಕ್ ಒರಿಜಿನ್‌ಗೆ. ರೇಮಂಡ್ ಹಿಲ್ ಬರೆದ ಈ ಉಚಿತ ಎಕ್ಸ್‌ಟೆನ್ಷನ್ ಹುಸಿ ಡೌನ್‌ಲೋಡ್ ಗುಂಡಿಗಳನ್ನೇ ಪುಟದಿಂದ ಅಳಿಸುತ್ತದೆ. ಅದನ್ನು ಹಾಕಿಕೊಂಡು ಅವೇ ನುಡಿ ತಾಣಗಳಿಗೆ ಹೋದಾಗ ದೊಡ್ಡ ಹಸಿರು ಗುಂಡಿಗಳು ಹೆಚ್ಚಿನ ಕಡೆ ಕಾಣಲೇ ಇಲ್ಲ. ಹೆಸರಿನಲ್ಲಿ 'ಒರಿಜಿನ್' ಇರುವುದನ್ನೇ ಹಾಕಬೇಕು. ಬರಿಯ ಯುಬ್ಲಾಕ್ ಬೇರೆಯವರದು. ತೊಡಕು ಕ್ರೋಮಿನದು. ಗೂಗಲ್ ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಿಸಿದ್ದರಿಂದ 2025ರ ಹೊತ್ತಿಗೆ ಕ್ರೋಮಿನಲ್ಲಿ ಇದು ನಿಂತುಹೋಯಿತು. ಅಲ್ಲಿ ಉಳಿದದ್ದು ಕಡಿಮೆ ಶಕ್ತಿಯ 'ಲೈಟ್' ರೂಪ. ಪೂರ್ಣ ರೂಪ ಬೇಕಿದ್ದರೆ ಫೈರ್‌ಫಾಕ್ಸ್. ಮನೆಯಲ್ಲಿ ಬ್ರೌಸರ್ ಬದಲಿಸಲು ಸ್ವಲ್ಪ ಜಗಳವೇ ಆಯಿತು, ಬುಕ್‌ಮಾರ್ಕುಗಳು ಜೊತೆಗೆ ಬಂದ ಮೇಲೆ ತಣ್ಣಗಾಯಿತು.

ರೌಟರಿನಲ್ಲೇ ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸುವುದು ಮತ್ತೊಂದು ದಾರಿ. ಕ್ವಾಡ್9ರ 9.9.9.9 ಅಪಾಯಕಾರಿ ತಾಣಗಳನ್ನು ತಡೆಯುತ್ತದೆ, ಜಾಹೀರಾತನ್ನಲ್ಲ. ಆ್ಯಡ್‌ಗಾರ್ಡ್‌ನ 94.140.14.14 ಜಾಹೀರಾತನ್ನೂ ತಡೆಯುತ್ತದೆ. ಟಿವಿ, ಮೊಬೈಲ್ ಎಲ್ಲಕ್ಕೂ ಒಂದೇ ಏಟಿಗೆ ಅನ್ವಯವಾಗುವುದು ಲಾಭ. ಆದರೆ ಯೂಟ್ಯೂಬ್ ಜಾಹೀರಾತಿನ ಮುಂದೆ ಇದು ನಡೆಯದು, ಏಕೆಂದರೆ ವಿಡಿಯೊವೂ ಜಾಹೀರಾತೂ ಅದೇ ವಿಳಾಸಗಳಿಂದ ಬರುತ್ತವೆ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಕ್ವಿಕ್ ಹೀಲ್, ಇಸ್ಕ್ಯಾನ್, ಕೆ7 ಕಂಪನಿಗಳ ಉಚಿತ ನಿವಾರಕಗಳಿವೆ. ಅವು ಬಾಟ್‌ನೆಟ್ (ಕಳ್ಳರ ಹತೋಟಿಗೆ ಸಿಕ್ಕ ಕಂಪ್ಯೂಟರುಗಳ ಜಾಲ) ಸೋಂಕಿಗೆಂದು ಇಟ್ಟವು, ಟೂಲ್‌ಬಾರ್ ಕಾಟಕ್ಕೆ ಮೊದಲ ಆಯ್ಕೆಯಲ್ಲ.

ಹಣವನ್ನೂ ಬೇಡದ, ಡೌನ್‌ಲೋಡನ್ನೂ ಬೇಡದ ಒಂದು ಕ್ರಮ ಈ ಎಲ್ಲದಕ್ಕಿಂತ ನನಗೆ ಹೆಚ್ಚು ಉಪಕಾರ ಮಾಡಿತು. ಮನೆಮಂದಿಗೆಲ್ಲ 'ಸ್ಟ್ಯಾಂಡರ್ಡ್' ಖಾತೆ ಕೊಟ್ಟು, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಒಬ್ಬರು ಮಾತ್ರ ಇಟ್ಟುಕೊಳ್ಳುವುದು. ಇಡೀ ಯಂತ್ರಕ್ಕೆ ತಗುಲುವ ಇನ್‌ಸ್ಟಾಲರ್ ಆಗ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ಬ್ರೌಸರಿನೊಳಗೆ ಸೇರುವ ಎಕ್ಸ್‌ಟೆನ್ಷನ್‌ಗಳಿಗೆ ಈ ತಡೆ ಇಲ್ಲ, ಅವನ್ನು ಆಗಾಗ ನೋಡುತ್ತಿರಬೇಕು.

ಮಾವನವರ ಯಂತ್ರ ವಿಂಡೋಸ್ 10ರದು, 11ಕ್ಕೆ ಏರುವಷ್ಟು ಹೊಸದಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರ್ ಹೊಸ ಕಾಟಗಳ ಗುರುತನ್ನು 2028ರ ಅಕ್ಟೋಬರ್‌ವರೆಗೆ ಪಡೆಯುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಆದರೆ ವಿಂಡೋಸಿನ ತೂತುಗಳನ್ನು ಮುಚ್ಚುವುದು ಡಿಫೆಂಡರ್ ಕೆಲಸವಲ್ಲ. ಅದಕ್ಕೆ 2026ರ ಅಕ್ಟೋಬರ್ 13ರವರೆಗಿನ ವಿಸ್ತರಿತ ಭದ್ರತಾ ನವೀಕರಣಕ್ಕೆ ನೋಂದಾಯಿಸಬೇಕು. ಸೆಟ್ಟಿಂಗ್ಸ್‌ನ 'ವಿಂಡೋಸ್ ಅಪ್‌ಡೇಟ್' ಪುಟದಲ್ಲೇ ಅದರ ಕೊಂಡಿ ಇದೆ, ನಾವು ಅಲ್ಲಿಂದಲೇ ನೋಂದಾಯಿಸಿದೆವು.